ಪರೀಕ್ಷೆಯ ಯಂತ್ರ ಯಾರ ಕೈಯಲ್ಲಿರಬೇಕು?

2023ರ ಜನವರಿ 29, ಭಾನುವಾರ. ಗುಜರಾತಿನ ಪಂಚಾಯತಿ ಕಿರಿಯ ಗುಮಾಸ್ತರ ಹುದ್ದೆಗೆ ಸುಮಾರು ಒಂಬತ್ತೂವರೆ ಲಕ್ಷ ಮಂದಿ ಪರೀಕ್ಷೆ ಬರೆಯಬೇಕಿತ್ತು. ಎಷ್ಟೋ ಜನ ರಾತ್ರಿ ಬಸ್ಸು ಹಿಡಿದು ಕೇಂದ್ರವಿದ್ದ ಊರು ತಲುಪಿದ್ದರು. ಬೆಳಿಗ್ಗೆ ಬಂದ ಸುದ್ದಿ: ಪ್ರಶ್ನೆಪತ್ರಿಕೆ ಸೋರಿದೆ, ಪರೀಕ್ಷೆ ರದ್ದು. ರಾಜ್ಯದ ಭಯೋತ್ಪಾದನಾ ನಿಗ್ರಹ ದಳ ಆರೋಪಿಗಳನ್ನು ಹಿಡಿದದ್ದು ವಡೋದರಾದಲ್ಲಿ. ಪತ್ರಿಕೆ ಹೊರಬಿದ್ದದ್ದು ಹೈದರಾಬಾದಿನ ಮುದ್ರಣಾಲಯದಿಂದ ಎಂದು ತನಿಖೆ ಹೇಳಿತು. ಮರುತಿಂಗಳೇ ಗುಜರಾತ್ ವಿಧಾನಸಭೆ ಪರೀಕ್ಷಾ ಅಕ್ರಮ ತಡೆಯುವ ಕಾನೂನಿಗೆ ಒಪ್ಪಿಗೆ ಕೊಟ್ಟಿತು.

ಹೀಗಾದಾಗಲೆಲ್ಲ ಮೊದಲು ಕೇಳಿಬರುವ ಮಾತು, ‘ಕಾಗದ ಬಿಡಿ, ಕಂಪ್ಯೂಟರಿಗೆ ಬನ್ನಿ’. 2024ರ ಜೂನ್ 18ರಂದು ನಡೆದ ಯುಜಿಸಿ ನೆಟ್ ಪರೀಕ್ಷೆ ಮರುದಿನವೇ ರದ್ದಾಯಿತು. ಕಾಗದದಲ್ಲಿ ನಡೆದಿದ್ದ ಅದೇ ಪರೀಕ್ಷೆಯನ್ನು ಆಗಸ್ಟ್–ಸೆಪ್ಟೆಂಬರಿನಲ್ಲಿ ಮತ್ತೆ ನಡೆಸುವಾಗ ಕಂಪ್ಯೂಟರಿಗೆ ವರ್ಗಾಯಿಸಲಾಯಿತು. ಮುದ್ರಣಾಲಯ, ಲಾರಿ, ಖಜಾನೆಯ ಬೀಗ ಇವೆಲ್ಲ ಅಲ್ಲಿಗೆ ಮುಗಿದವು ನಿಜ. ಆದರೆ ಅವುಗಳ ಜಾಗಕ್ಕೆ ಹೊಸ ಪ್ರಶ್ನೆಯೊಂದು ಬಂದು ಕೂತಿತು. ಅಭ್ಯರ್ಥಿಯ ಮುಂದಿರುವ ಆ ಕಂಪ್ಯೂಟರು ಯಾರದು? ಅದರೊಳಗೆ ಏನೇನಿದೆ? ನಿನ್ನೆ ರಾತ್ರಿ ಅದನ್ನು ಮುಟ್ಟಿದವರು ಯಾರು?

ಈ ಪ್ರಶ್ನೆಗೆ ಜಗತ್ತಿನ ಕೆಲವು ಪರೀಕ್ಷಾ ಮಂಡಳಿಗಳು ಕಂಡುಕೊಂಡ ಉತ್ತರ, ಪೆನ್‌ಡ್ರೈವ್‌ನಿಂದ ಬೂಟ್ ಆಗುವ ಹಗುರ ಲಿನಕ್ಸ್. ಕಂಪ್ಯೂಟರು ಯಾರದ್ದೇ ಇರಲಿ, ಪರೀಕ್ಷೆಯ ಮೂರು ಗಂಟೆ ಅದು ಮಂಡಳಿ ಕೊಟ್ಟ ವ್ಯವಸ್ಥೆಯಲ್ಲೇ ಓಡಬೇಕು ಎಂಬುದು ಇದರ ತಿರುಳು. ಈ ಉಪಾಯ ಎಲ್ಲಿ ಗೆದ್ದಿದೆ, ಎಲ್ಲಿ ಸೋಲುತ್ತದೆ, ನಮ್ಮ ನೆಲಕ್ಕೆ ಎಷ್ಟು ಒಗ್ಗುತ್ತದೆ ಎಂಬುದರ ಸಮೀಕ್ಷೆ ಇದು.

ಬೂಟ್ ಆಗುವಾಗ ನಡೆಯುವುದೇನು

ಕಂಪ್ಯೂಟರನ್ನು ಆನ್ ಮಾಡಿದೊಡನೆ ಮದರ್‌ಬೋರ್ಡಿನಲ್ಲಿರುವ ಪುಟ್ಟ ತಂತ್ರಾಂಶವೊಂದು ಎಚ್ಚರಗೊಂಡು, ಆಪರೇಟಿಂಗ್ ಸಿಸ್ಟಂ ಎಲ್ಲಿದೆಯೆಂದು ಹುಡುಕುತ್ತದೆ. ಸಾಮಾನ್ಯವಾಗಿ ಅದಕ್ಕೆ ಸಿಗುವುದು ಹಾರ್ಡ್‌ಡಿಸ್ಕಿನ ವಿಂಡೋಸ್. ಈ ಹುಡುಕಾಟದ ಕ್ರಮವನ್ನು ನಾವೇ ಬದಲಿಸಬಹುದು. ಆನ್ ಮಾಡುತ್ತಿದ್ದಂತೆ ಎಫ್12 ಒತ್ತಿದರೆ (ಕೆಲವು ಕಂಪನಿಗಳ ಯಂತ್ರಗಳಲ್ಲಿ ಎಫ್9 ಅಥವಾ ಎಸ್ಕೇಪ್) ಕಪ್ಪು ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ. ಬಾಣದ ಕೀಲಿಯಿಂದ ಪೆನ್‌ಡ್ರೈವ್ ಹೆಸರಿಗೆ ಇಳಿದು ಎಂಟರ್ ಒತ್ತಬೇಕು. ಬಿಳಿ ಅಕ್ಷರದ ಸಾಲುಗಳು ಸರಸರನೆ ಮೇಲೇರುತ್ತವೆ, ಪೆನ್‌ಡ್ರೈವ್‌ನ ದೀಪ ಮಿಣುಕುತ್ತದೆ. ಒಂದೆರಡು ನಿಮಿಷದಲ್ಲಿ ಪರದೆ ತುಂಬ ಒಂದೇ ಕಿಟಕಿ: ಹೆಸರು, ನೋಂದಣಿ ಸಂಖ್ಯೆ, ಪ್ರವೇಶದ ಗುಂಡಿ. ಅದನ್ನು ಮುಚ್ಚುವ ಗುರುತು ಎಲ್ಲೂ ಇಲ್ಲ. ಆಲ್ಟ್ ಮತ್ತು ಟ್ಯಾಬ್ ಒಟ್ಟಿಗೆ ಒತ್ತಿದರೆ ಏನೂ ಆಗುವುದಿಲ್ಲ. ಮೌಸಿನ ಬಲಗುಂಡಿ ಸತ್ತಿರುತ್ತದೆ.

ಆ ಒಂದೆರಡು ನಿಮಿಷದಲ್ಲಿ ಒಳಗೆ ಆಗುವ ಕೆಲಸ ಮುಖ್ಯವಾದದ್ದು. ಪೆನ್‌ಡ್ರೈವ್‌ನಲ್ಲಿರುವುದು ಬಿಗಿಯಾಗಿ ಅದುಮಿಟ್ಟ, ಓದಲಷ್ಟೇ ಬರುವ ಒಂದು ಕಡತ ವ್ಯವಸ್ಥೆ. ಬದಲಾವಣೆಗಳೆಲ್ಲ ರ‍್ಯಾಮ್‌ನಲ್ಲಿ ಎದ್ದ ತೆಳುಪದರದ ಮೇಲೆ ನಡೆಯುತ್ತವೆ. ಹಾರ್ಡ್‌ಡಿಸ್ಕನ್ನು ಲಿನಕ್ಸ್ ಜೋಡಿಸಿಕೊಳ್ಳುವುದೇ ಇಲ್ಲ. ಹೀಗಾಗಿ ಅಲ್ಲಿ ಅಡಗಿಸಿಟ್ಟ ನೋಟ್ಸ್ ಆಗಲಿ, ಕದ್ದು ಕೂತ ವೈರಸ್ ಆಗಲಿ, ದೂರದಿಂದ ಪರದೆ ನೋಡುವ ತಂತ್ರಾಂಶವಾಗಲಿ ಏಳುವ ಪ್ರಶ್ನೆಯಿಲ್ಲ. ಫೈರ್‌ವಾಲ್ ಪರೀಕ್ಷಾ ಸರ್ವರಿನ ವಿಳಾಸವೊಂದನ್ನು ಬಿಟ್ಟು ಉಳಿದ ದಾರಿಗಳನ್ನೆಲ್ಲ ಮುಚ್ಚುತ್ತದೆ. ಬ್ಲೂಟೂತ್ ಸ್ತಬ್ಧ. ಇನ್ನೊಂದು ಪೆನ್‌ಡ್ರೈವ್ ಚುಚ್ಚಿದರೆ ಗುರುತಿಸುವುದಿಲ್ಲ. ಪರೀಕ್ಷೆ ಮುಗಿದು ಯಂತ್ರ ಆಫ್ ಆದರೆ ಎಲ್ಲ ಮಾಯ. ಬಯಲಲ್ಲಿ ಸಂಜೆ ಎದ್ದು ರಾತ್ರಿಯಿಡೀ ಮೆರೆದು, ಬೆಳಗಾಗುವಾಗ ಕಿತ್ತುಹೋಗುವ ಯಕ್ಷಗಾನದ ರಂಗಸ್ಥಳದ ಹಾಗೆ. ಗದ್ದೆಯ ಯಜಮಾನ ಯಾರೆಂಬುದು ಆಟಕ್ಕೆ ಸಂಬಂಧಿಸಿದ್ದಲ್ಲ.

ಇಂಥ ‘ಲೈವ್’ ವ್ಯವಸ್ಥೆಗಳು ಹೊಸವೇನಲ್ಲ. ಜರ್ಮನಿಯ ಕ್ಲಾಸ್ ಕ್ನಾಪರ್ 2000ದಲ್ಲಿ ಡೆಬಿಯನ್ ಆಧರಿಸಿ ಮಾಡಿದ ನಾಪಿಕ್ಸ್, ಸಿಡಿಯೊಂದರಿಂದಲೇ ಪೂರ್ತಿ ಲಿನಕ್ಸ್ ಓಡಿಸಿ ತೋರಿಸಿತು. ಆಮೇಲೆ 50 ಎಂಬಿಯಲ್ಲಿ ಮುಗಿಯುವ ಡ್ಯಾಮ್ ಸ್ಮಾಲ್ ಲಿನಕ್ಸ್ ಬಂತು, ಪಪ್ಪಿ ಬಂತು, ಅದಕ್ಕೂ ಪುಟ್ಟದಾದ ಟೈನಿ ಕೋರ್ ಬಂತು. ಇಂದಿನ ಬ್ರೌಸರುಗಳೇ ದಪ್ಪವಾಗಿರುವುದರಿಂದ ಪರೀಕ್ಷೆಗೆ ಬೇಕಾದ ವ್ಯವಸ್ಥೆ ಅಷ್ಟು ತೆಳ್ಳಗಿರಲಾರದು. ಆದರೂ ಒಂದೆರಡು ಜಿಬಿಯ ಒಳಗೆ ಮುಗಿಯುತ್ತದೆ, ಹತ್ತು ವರ್ಷ ಹಳೆಯ ಯಂತ್ರದಲ್ಲೂ ಓಡುತ್ತದೆ. ನಮ್ಮ ಕಾಲೇಜುಗಳ ಲ್ಯಾಬುಗಳಿಗೆ ಈ ಹಗುರತನ ಸಣ್ಣ ಸಂಗತಿಯಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಭದ್ರತಾ ದುರಸ್ತಿ ನಿಂತುಹೋದ ಯಂತ್ರಗಳಲ್ಲಿ ಪರೀಕ್ಷೆ ನಡೆಸುವುದೋ, ಲ್ಯಾಬನ್ನೇ ಗುಜರಿಗೆ ಹಾಕುವುದೋ ಎಂಬ ಇಕ್ಕಟ್ಟಿನಲ್ಲಿರುವ ಪ್ರಾಂಶುಪಾಲರಿಗೆ ಇದು ಮೂರನೆಯ ದಾರಿ.

ಫಿನ್ಲೆಂಡ್ ನಡೆದ ದಾರಿ

ಈ ಉಪಾಯವನ್ನು ಇಡೀ ದೇಶದ ಮಟ್ಟದಲ್ಲಿ ಪ್ರಯೋಗಿಸಿದ್ದು ಫಿನ್ಲೆಂಡ್. ನಮ್ಮ ದ್ವಿತೀಯ ಪಿಯುಸಿಗೆ ಸಮನಾದ ಅಲ್ಲಿನ ಮೆಟ್ರಿಕ್ಯುಲೇಷನ್ ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ ನಡೆಯುತ್ತದೆ. ಒಂದೊಂದು ವಿಷಯಕ್ಕೆ ಆರು ಗಂಟೆಯವರೆಗೂ ಸಮಯ. 2016ರ ಶರತ್ಕಾಲದಲ್ಲಿ ಜರ್ಮನ್, ಭೂಗೋಳ ಮತ್ತು ತತ್ತ್ವಶಾಸ್ತ್ರ ಮೊದಲು ಕಂಪ್ಯೂಟರಿಗೆ ಬಂದವು. ಆಮೇಲೆ ಪ್ರತಿ ಸರದಿಗೂ ಕೆಲವು ವಿಷಯ ಸೇರಿಸುತ್ತ ಹೋಗಿ, ಎಲ್ಲಕ್ಕಿಂತ ತೊಡಕಿನದಾದ ಗಣಿತವನ್ನು ಕೊನೆಗಿಟ್ಟುಕೊಂಡು 2019ರ ವಸಂತಕ್ಕೆ ಬದಲಾವಣೆ ಮುಗಿಸಿದರು.

ವಿದ್ಯಾರ್ಥಿ ತರುತ್ತಿದ್ದದ್ದು ತನ್ನದೇ ಲ್ಯಾಪ್‌ಟಾಪು. ಅದು ಎದ್ದೇಳುತ್ತಿದ್ದದ್ದು ಮಂಡಳಿ ಸಿದ್ಧಪಡಿಸಿದ, ಡೆಬಿಯನ್ ಆಧಾರಿತ ಲಿನಕ್ಸ್ ಇರುವ ಯುಎಸ್‌ಬಿ ಕಡ್ಡಿಯಿಂದ. ಹಾಲಿನ ಪ್ರತಿ ಮೇಜಿಗೂ ವಿದ್ಯುತ್ತಿನ ಪ್ಲಗ್ಗು, ನೆಟ್‌ವರ್ಕ್ ಕೇಬಲ್ಲು. ಕೇಬಲ್ಲುಗಳು ಹೋಗಿ ಸೇರುತ್ತಿದ್ದದ್ದು ಅದೇ ಶಾಲೆಯಲ್ಲಿಟ್ಟ ಸರ್ವರಿಗೆ. ಹಾಲಿನಿಂದ ಇಂಟರ್‌ನೆಟ್ಟಿಗೆ ದಾರಿಯೇ ಇರಲಿಲ್ಲ. ಗೂಢಲಿಪಿಯಲ್ಲಿದ್ದ ಪ್ರಶ್ನೆಗಳು ಮೊದಲೇ ಸರ್ವರಿಗೆ ಬಂದಿದ್ದರೂ ಅವು ತೆರೆದುಕೊಳ್ಳುತ್ತಿದ್ದದ್ದು ಸಂಕೇತಪದ ಕೈಗೆ ಬಂದಾಗಲೇ. ಇಂಟರ್‌ನೆಟ್ ಕಡಿದುಹೋದರೂ ಪರೀಕ್ಷೆ ನಿಲ್ಲುತ್ತಿರಲಿಲ್ಲ. ವಿದ್ಯಾರ್ಥಿಯ ಲ್ಯಾಪ್‌ಟಾಪು ಕೈಕೊಟ್ಟರೆ ಬೇರೆ ಯಂತ್ರಕ್ಕೆ ಕಡ್ಡಿ ಚುಚ್ಚಿ, ಬರೆದಷ್ಟರಿಂದ ಮುಂದುವರಿಸಬಹುದಿತ್ತು.

ಆ ಕಡ್ಡಿಯೊಳಗೆ ಬರಿಯ ಬ್ರೌಸರ್ ಇರಲಿಲ್ಲ. ಬರೆಯಲು, ಲೆಕ್ಕಪಟ್ಟಿ ಮಾಡಲು ಲಿಬ್ರೆ ಆಫೀಸ್ ಇತ್ತು; ರೇಖಾಗಣಿತಕ್ಕೆ ಜಿಯೋಜೀಬ್ರಾ ಇತ್ತು; ಚಿತ್ರ ತಿದ್ದಲು, ಬೀಜಗಣಿತ ಬಿಡಿಸಲು ಬೇರೆ ಬೇರೆ ಉಪಕರಣಗಳಿದ್ದವು. ಭಾಷೆಯ ಪರೀಕ್ಷೆಯಲ್ಲಿ ವಿಡಿಯೋ ನೋಡಿ ಉತ್ತರಿಸಬೇಕಾಗಬಹುದು, ಭೂಗೋಳದಲ್ಲಿ ಅಂಕಿಅಂಶದ ಕಡತ ಕೊಟ್ಟು ನಕ್ಷೆ ಎಳೆಯಲು ಹೇಳಬಹುದು. ಅಂದರೆ ಭದ್ರತೆಗಾಗಿ ಬಂದ ವ್ಯವಸ್ಥೆ ಪ್ರಶ್ನೆಯ ಸ್ವರೂಪವನ್ನೇ ಬದಲಿಸಿತು. ನಾಲ್ಕರಲ್ಲಿ ಒಂದನ್ನು ಗುರುತಿಸುವ ಪ್ರಶ್ನೆಗಳಿಗಷ್ಟೇ ಕಂಪ್ಯೂಟರು ಎಂದು ತೀರ್ಮಾನಿಸಿರುವ ನಾವು ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಫಿನ್ಲೆಂಡಿನ ಗೆಲುವಿನ ಗುಟ್ಟು ಇನ್ನೊಂದಿದೆ. ‘ಅಬಿಟ್ಟಿ’ ಎಂಬ ಹೆಸರಿನಲ್ಲಿ ಅದೇ ವ್ಯವಸ್ಥೆಯನ್ನು ಎಲ್ಲ ಶಾಲೆಗಳಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಶಿಕ್ಷಕರು ವರ್ಷವಿಡೀ ತಮ್ಮ ಕಿರುಪರೀಕ್ಷೆಗಳನ್ನೂ ಅದರಲ್ಲೇ ನಡೆಸಿದರು. ಅಂತಿಮ ಪರೀಕ್ಷೆಯ ದಿನ ಎಫ್12 ಒತ್ತುವುದು ಯಾವ ಮಗುವಿಗೂ ಹೊಸತಾಗಿರಲಿಲ್ಲ. ಹೊಂದಿಕೆಯಾಗದ ಲ್ಯಾಪ್‌ಟಾಪು ಯಾವುದೆಂಬುದು ತಿಂಗಳುಗಳ ಮೊದಲೇ ಗೊತ್ತಾಗಿತ್ತು.

ಸ್ವಿಟ್ಜರ್ಲೆಂಡಿನಲ್ಲಿ ‘ಲೆರ್ನ್‌ಸ್ಟಿಕ್’ ಎಂಬ ಡೆಬಿಯನ್ ಆಧಾರಿತ ಕಡ್ಡಿ ಶಾಲೆಗಳಲ್ಲಿ ಬಳಕೆಯಲ್ಲಿದೆ. ಕಲಿಕೆಗೊಂದು, ಪರೀಕ್ಷೆಗೊಂದು ಅವತರಣಿಕೆ ಇವೆ. ಅದೇ ದೇಶದ ಇಟಿಎಚ್ ಜ್ಯೂರಿಕ್ ಬೆಳೆಸಿದ ‘ಸೇಫ್ ಎಕ್ಸಾಂ ಬ್ರೌಸರ್’ ಬೇರೆ ಜಾಡಿನದು. ಅದು ವಿಂಡೋಸ್ ಅಥವಾ ಮ್ಯಾಕ್ ಮೇಲೆಯೇ ಕೂತು ಉಳಿದ ಕಿಟಕಿಗಳನ್ನು ಮುಚ್ಚಿಸುತ್ತದೆ. ಆನ್‌ಲೈನ್ ಕಲಿಕೆಯ ತಂತ್ರಾಂಶವಾದ ಮೂಡಲ್‌ನ 2020ರ 3.9 ಆವೃತ್ತಿಯಿಂದ ಅದನ್ನು ನೇರವಾಗಿ ಜೋಡಿಸಿಕೊಳ್ಳಬಹುದಾದ್ದರಿಂದ ಬಳಕೆ ಸುಲಭ. ಆದರೆ ಕೆಳಗಿನ ವಿಂಡೋಸೇ ಕೆಟ್ಟಿದ್ದರೆ ಮೇಲಿನ ಬೀಗದಿಂದ ಏನು ಬಂತು? ಲೈವ್ ಲಿನಕ್ಸ್ ಕೆಳಗಿನ ನೆಲವನ್ನೇ ಬದಲಿಸುತ್ತದೆ ಎಂಬುದೇ ಎರಡರ ನಡುವಿನ ವ್ಯತ್ಯಾಸ.

ಕಾಸರಗೋಡಿನ ಕನ್ನಡ ಮಕ್ಕಳು

ಲಿನಕ್ಸ್ ಮೇಲೆ ಸಾರ್ವಜನಿಕ ಪರೀಕ್ಷೆ ಎಂದರೆ ಹುಬ್ಬೇರಿಸುವ ಕನ್ನಡಿಗರು ಗಡಿಯಾಚೆಗೆ ಕಣ್ಣು ಹಾಯಿಸಿದರೆ ಸಾಕು. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕನ್ನಡ ಮಾಧ್ಯಮದ ಹತ್ತನೇ ತರಗತಿಯ ಮಕ್ಕಳು ಇದನ್ನು ವರ್ಷಗಳಿಂದ ಬರೆಯುತ್ತಲೇ ಬಂದಿದ್ದಾರೆ.

ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುಮಾಡಿತು. 2017ರಲ್ಲಿ ಅದೇ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಮಾಹಿತಿ ತಂತ್ರಜ್ಞಾನ ಎಸ್ಸೆಸ್ಸೆಲ್ಸಿಯಲ್ಲಿ ಕಡ್ಡಾಯ ವಿಷಯವಾಯಿತು, ಲ್ಯಾಬುಗಳು ಮುಕ್ತ ತಂತ್ರಾಂಶಕ್ಕೆ ಹೊರಳಿದವು. ಕೈಟ್ ತನ್ನದೇ ಲಿನಕ್ಸನ್ನು ಉಬುಂಟು ಆಧರಿಸಿ ಹೊರತರುತ್ತದೆ. ಪಠ್ಯಪುಸ್ತಕ ಮಲಯಾಳಂ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲೂ ಬರುತ್ತದೆ. 50 ಅಂಕಗಳ ಈ ವಿಷಯದ ಪರೀಕ್ಷೆ ಮುಖ್ಯ ಪರೀಕ್ಷೆಗಳಿಗಿಂತ ಮೊದಲೇ ಶಾಲೆಯ ಲ್ಯಾಬಿನಲ್ಲಿ, ತಂಡ ತಂಡವಾಗಿ ನಡೆಯುತ್ತದೆ. ಪರೀಕ್ಷೆಯ ತಂತ್ರಾಂಶ ಮಗುವಿನ ನೋಂದಣಿ ಸಂಖ್ಯೆ ಕೇಳಿ, ಮಾಧ್ಯಮಕ್ಕೆ ತಕ್ಕ ಪ್ರಶ್ನೆಗಳನ್ನು ಮುಂದಿಡುತ್ತದೆ. ಸಿದ್ಧಾಂತದ ಪ್ರಶ್ನೆಗಳಿಗೆ ಪರದೆಯ ಮೇಲೆಯೇ ಉತ್ತರ. ಪ್ರಾಯೋಗಿಕ ಭಾಗದಲ್ಲಿ ಚಿತ್ರ ಬಿಡಿಸಬೇಕು, ಕಡತ ಸಿದ್ಧಪಡಿಸಬೇಕು, ಪುಟ್ಟ ಪ್ರೋಗ್ರಾಂ ಬರೆಯಬೇಕು, ಅದೂ ಸರಿಯಾದ ಫೋಲ್ಡರಿನಲ್ಲಿ ಉಳಿಸಬೇಕು.

ಇದು ಪೆನ್‌ಡ್ರೈವ್‌ನಿಂದ ಬೂಟ್ ಆಗುವ ವ್ಯವಸ್ಥೆಯಲ್ಲ. ಶಾಲೆಯ ಯಂತ್ರಗಳಲ್ಲಿ ಲಿನಕ್ಸ್ ಸ್ಥಿರವಾಗಿ ಕೂತಿದೆ, ಪರೀಕ್ಷೆಯ ಹೊತ್ತಿಗೆ ತಂತ್ರಾಂಶ ಅದರ ಮೇಲೆ ಬರುತ್ತದೆ. ಲಕ್ಷಾಂತರ ಮಕ್ಕಳ ಅರ್ಹತೆಯ ಶ್ರೇಣಿ ನಿರ್ಧರಿಸುವ ಪರೀಕ್ಷೆಯೂ ಅಲ್ಲ. ಆದರೂ ಇದರಿಂದ ಎರಡು ಅನುಮಾನ ಬಗೆಹರಿಯುತ್ತವೆ. ಸರ್ಕಾರಿ ಶಾಲೆಯ ಮೇಷ್ಟರುಗಳು ಲಿನಕ್ಸ್ ನಿಭಾಯಿಸಬಲ್ಲರೇ? ಬಲ್ಲರು, ಹೊರಗಿನ ಕಂಪನಿಯ ಇಂಜಿನಿಯರುಗಳಿಲ್ಲದೆ, ತರಬೇತಿ ಪಡೆದ ಶಿಕ್ಷಕರೇ ಇದನ್ನು ನಡೆಸಿದ್ದಾರೆ. ಹದಿನೈದರ ಮಗು ಕನ್ನಡದಲ್ಲಿ ಪ್ರಶ್ನೆ ಓದಿ ಅದೇ ಯಂತ್ರದಲ್ಲಿ ಉತ್ತರಿಸಬಲ್ಲದೇ? ಬಲ್ಲದು.

ಭಾರತದಲ್ಲಿ ಇನ್ನೊಂದು ವಲಯವೂ ಸದ್ದಿಲ್ಲದೆ ಇದೇ ಹಾದಿಯಲ್ಲಿದೆ. ಐಸಿಪಿಸಿ ಪ್ರೋಗ್ರಾಮಿಂಗ್ ಸ್ಪರ್ಧೆ ಅಮೃತಪುರಿ, ಕಾನ್ಪುರ ಮೊದಲಾದ ಕಡೆ ಪ್ರಾದೇಶಿಕ ಸುತ್ತುಗಳನ್ನು ನಡೆಸುತ್ತ ಬಂದಿದೆ. ಈ ಸ್ಪರ್ಧೆಯ ವಿಶ್ವಸುತ್ತಿನಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ ಲಿನಕ್ಸ್, ಒಂದೇ ಕಂಪೈಲರ್. ಅದಕ್ಕೆ ಕಾರಣ ನಕಲಿನ ಭಯವೊಂದೇ ಅಲ್ಲ, ಸಮಾನತೆಯೂ ಹೌದು: ಯಾರ ಯಂತ್ರವೂ ಇನ್ನೊಬ್ಬರದಕ್ಕಿಂತ ಭಿನ್ನವಾಗಿರಬಾರದು.

ಬಾಡಿಗೆ ಲ್ಯಾಬುಗಳ ಕಥೆ

ನಮ್ಮ ದೊಡ್ಡ ಪ್ರವೇಶ ಪರೀಕ್ಷೆಗಳು ನಡೆಯುವುದು ಹೆಚ್ಚಾಗಿ ಬಾಡಿಗೆಗೆ ಪಡೆದ ಲ್ಯಾಬುಗಳಲ್ಲಿ. ಇಂಜಿನಿಯರಿಂಗ್ ಕಾಲೇಜು, ಖಾಸಗಿ ತರಬೇತಿ ಸಂಸ್ಥೆ, ಊರ ಹೊರವಲಯದ ‘ಡಿಜಿಟಲ್ ಝೋನ್’. ಅಲ್ಲಿನ ಕಂಪ್ಯೂಟರುಗಳು ಉಳಿದ ದಿನ ಏನು ಮಾಡುತ್ತಿರುತ್ತವೆಂದು ಮಂಡಳಿಗೆ ಗೊತ್ತಿರುವುದಿಲ್ಲ. ಇದರ ಮೊದಲ ಬಿಸಿ ತಟ್ಟಿದ್ದು ಐಐಎಂಗಳಿಗೆ. ಕಾಗದದ ಕ್ಯಾಟ್ ಪರೀಕ್ಷೆ 2009ರಲ್ಲಿ ಮೊದಲ ಬಾರಿ ಕಂಪ್ಯೂಟರಿಗೆ ಬಂತು. ಸುಮಾರು 2.4 ಲಕ್ಷ ಅಭ್ಯರ್ಥಿಗಳು. ನವೆಂಬರ್ 28ರಂದು ಪರೀಕ್ಷೆ ಶುರುವಾದ ದಿನವೇ ಹಲವು ಕೇಂದ್ರಗಳಲ್ಲಿ ಯಂತ್ರಗಳು ತೆವಳತೊಡಗಿದವು, ಎಷ್ಟೋ ಕಡೆ ಪರೀಕ್ಷೆ ನಿಂತೇಹೋಯಿತು. ಗುತ್ತಿಗೆ ಪಡೆದಿದ್ದ ಪ್ರೊಮೆಟ್ರಿಕ್ ಕೊಟ್ಟ ಕಾರಣ: ಕಾನ್ಫಿಕರ್ ಮತ್ತು ನಿಮ್ಡಾ ವೈರಸ್‌ಗಳು. ತೊಂದರೆಗೊಳಗಾದವರಿಗೆ 2010ರ ಜನವರಿಯಲ್ಲಿ ಮರುಪರೀಕ್ಷೆ ನಡೆಸಬೇಕಾಯಿತು. ಆ ವೈರಸ್‌ಗಳೆರಡೂ ವಿಂಡೋಸ್ ಹಾರ್ಡ್‌ಡಿಸ್ಕಿನಲ್ಲಿ ಬದುಕುವ ಪಿಡುಗುಗಳು. ಲೈವ್ ಲಿನಕ್ಸ್‌ನಿಂದ ಬೂಟ್ ಮಾಡಿದ್ದರೆ ಅವು ಡಿಸ್ಕಿನಲ್ಲೇ ನಿದ್ರಿಸುತ್ತಿದ್ದವು.

2009ರದ್ದು ಅಜಾಗರೂಕತೆ, 2021ರದ್ದು ಸಂಚಿನ ಆರೋಪ. ಆ ವರ್ಷದ ಜೆಇಇ ಮೇನ್ ಪರೀಕ್ಷೆಗೆ ಸಂಬಂಧಿಸಿ ಸೆಪ್ಟೆಂಬರಿನಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. ಹರಿಯಾಣದ ಸೋನಿಪತ್‌ನ ಕೇಂದ್ರವೊಂದರಲ್ಲಿ ಅಭ್ಯರ್ಥಿ ಸುಮ್ಮನೆ ಕೂತಿರುತ್ತಿದ್ದ, ಬೇರೆಲ್ಲೋ ಕೂತವನು ದೂರನಿಯಂತ್ರಣದಿಂದ ಉತ್ತರ ಗುರುತಿಸುತ್ತಿದ್ದ ಎಂಬುದು ಆರೋಪ. ಮರುವರ್ಷ ಇದೇ ಪ್ರಕರಣದಲ್ಲಿ ರಷ್ಯಾದ ಪ್ರಜೆಯೊಬ್ಬನನ್ನು ಸಿಬಿಐ ದೆಹಲಿ ವಿಮಾನ ನಿಲ್ದಾಣದಲ್ಲಿ ಹಿಡಿಯಿತು. ಇಲ್ಲಿ ಪ್ರಶ್ನೆಪತ್ರಿಕೆ ಸೋರಬೇಕಾಗಿಯೇ ಇಲ್ಲ. ಯಂತ್ರ ಯಾರ ಅಧೀನದಲ್ಲಿದೆಯೋ ಅವನು ಮನಸ್ಸು ಮಾಡಿದರೆ ಸಾಕು.

ಕಾನೂನು ಇದನ್ನು ಗುರುತಿಸಿದೆ. 2024ರ ಜೂನ್ 21ರಿಂದ ಜಾರಿಗೆ ಬಂದ ಸಾರ್ವಜನಿಕ ಪರೀಕ್ಷೆಗಳ ಅಕ್ರಮ ತಡೆ ಕಾಯ್ದೆ, ಪರೀಕ್ಷೆಯ ಕಂಪ್ಯೂಟರು ಮತ್ತು ನೆಟ್‌ವರ್ಕಿನಲ್ಲಿ ಕೈಯಾಡಿಸುವುದನ್ನು ಅಪರಾಧವೆನ್ನುತ್ತದೆ. ಸೇವೆ ಒದಗಿಸುವ ಸಂಸ್ಥೆ ತಪ್ಪು ಮಾಡಿದರೆ ಒಂದು ಕೋಟಿ ರೂಪಾಯಿವರೆಗೆ ದಂಡ, ನಾಲ್ಕು ವರ್ಷ ಪರೀಕ್ಷೆ ನಡೆಸದಂತೆ ನಿರ್ಬಂಧ. ಇಸ್ರೋದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ನೇತೃತ್ವದ ಪರೀಕ್ಷಾ ಸುಧಾರಣಾ ಸಮಿತಿಯೂ ಖಾಸಗಿಯವರ ಮೇಲಿನ ಅವಲಂಬನೆ ತಗ್ಗಿಸಿ, ಕೇಂದ್ರೀಯ ಮತ್ತು ನವೋದಯ ವಿದ್ಯಾಲಯಗಳಂಥ ಕಡೆ ಕೇಂದ್ರಗಳನ್ನು ಕಟ್ಟಿಕೊಳ್ಳಬೇಕೆಂದಿತು. ಒಳ್ಳೆಯ ಸಲಹೆಯೇ. ಆದರೆ ಕಟ್ಟಡ ಸರ್ಕಾರದ್ದಾದ ಮಾತ್ರಕ್ಕೆ ಹಾರ್ಡ್‌ಡಿಸ್ಕ್ ಶುದ್ಧವಾಗುವುದಿಲ್ಲ. ದಂಡ ಬೀಳುವುದು ಕೃತ್ಯ ನಡೆದ ಮೇಲೆ. ಬೂಟ್ ಆಗುವ ಲಿನಕ್ಸ್ ಕೆಲಸ ಮಾಡುವುದು ಅದಕ್ಕೆ ಮೊದಲು.

ಬಿರುಕುಗಳು

ಹಾಗೆಂದು ಇದನ್ನು ಸರ್ವರೋಗಕ್ಕೆ ಮದ್ದೆಂದು ಮಾರಬಾರದು. ಬಿರುಕುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ನಕಲಿ ಕಡ್ಡಿ. ಪೆನ್‌ಡ್ರೈವ್ ಅಭ್ಯರ್ಥಿಯದ್ದೇ ಆದರೆ ಅವನು ಅದರೊಳಗಿನ ಕಡತ ತಿದ್ದಬಹುದು. ಅಥವಾ ಪರೀಕ್ಷೆಯ ಲಿನಕ್ಸನ್ನು ವಿಂಡೋಸ್ ಒಳಗೆ ವರ್ಚುವಲ್ ಯಂತ್ರವಾಗಿ ಓಡಿಸಿ, ಪಕ್ಕದ ಕಿಟಕಿಯಲ್ಲಿ ಗೂಗಲ್ ತೆರೆದಿಟ್ಟುಕೊಳ್ಳಬಹುದು. ವರ್ಚುವಲ್ ಯಂತ್ರ ಪತ್ತೆಹಚ್ಚುವ ಸಲಕರಣೆಗಳಿವೆ, ಅವುಗಳ ಕಣ್ಣಿಗೆ ಮಣ್ಣೆರಚುವ ಉಪಾಯಗಳೂ ಇವೆ. ಯಂತ್ರದ ಟಿಪಿಎಂ ಚಿಪ್‌ನಿಂದ ‘ಬೂಟ್ ಆದದ್ದು ಇದೇ ವ್ಯವಸ್ಥೆ’ ಎಂಬ ಸಹಿ ಪಡೆಯುವ ವಿಧಾನ ಗಟ್ಟಿಯಾದದ್ದು, ಆದರೆ ಹಳೆಯ ಲ್ಯಾಬುಗಳಲ್ಲಿ ಆ ಚಿಪ್ಪೇ ಇರುವುದಿಲ್ಲ. ಸರಳ ದಾರಿಯೆಂದರೆ ಕಡ್ಡಿಯನ್ನು ಮಂಡಳಿಯೇ ಹಾಲಿನಲ್ಲಿ ಕೊಟ್ಟು, ಕಣ್ಣೆದುರೇ ಬೂಟ್ ಮಾಡಿಸಿ, ಮುಗಿದ ಮೇಲೆ ವಾಪಸು ಪಡೆಯುವುದು. ತಂತಿ ಜೋಡಿಸಿದ ಲ್ಯಾಬುಗಳಲ್ಲಿ ಕಡ್ಡಿಯೇ ಬೇಡ. ಎಲ್ಲ ಯಂತ್ರಗಳೂ ನೆಟ್‌ವರ್ಕಿನ ಮೂಲಕ ಒಂದೇ ಸರ್ವರಿನಿಂದ ಬೂಟ್ ಆಗಬಹುದು. ನಲವತ್ತು ಕಡ್ಡಿ ಎಣಿಸಿ, ಕಳೆದುಹೋದದ್ದನ್ನು ಹುಡುಕುವ ತಾಪತ್ರಯ ತಪ್ಪುತ್ತದೆ.

ಎರಡನೆಯದು ಲಿನಕ್ಸ್‌ಗಿಂತ ಕೆಳಗಿರುವುದು. ಕೆಲವು ಇಂಟೆಲ್ ಯಂತ್ರಗಳಲ್ಲಿ ಆಪರೇಟಿಂಗ್ ಸಿಸ್ಟಂನ ಹಂಗಿಲ್ಲದೆ ದೂರದಿಂದ ನಿಯಂತ್ರಿಸುವ ಸೌಲಭ್ಯ ಚಿಪ್‌ನಲ್ಲೇ ಇದೆ. ಮಾನಿಟರಿನ ಕೇಬಲ್ಲನ್ನು ಸೀಳಿ ಪಕ್ಕದ ಕೋಣೆಗೆ ಚಿತ್ರ ಕಳಿಸಬಹುದು, ಇನ್ನೊಂದು ಕೀಲಿಮಣೆ ಜೋಡಿಸಬಹುದು. ಇದಕ್ಕೆ ತಂತ್ರಾಂಶದಲ್ಲಿ ಮದ್ದಿಲ್ಲ. ಮೇಜಿನಡಿ ಬಗ್ಗಿ ತಂತಿ ಎಲ್ಲಿಗೆ ಹೋಗಿದೆಯೆಂದು ನೋಡುವ ಮನುಷ್ಯ ಬೇಕು.

ಮೂರನೆಯದು ಬೂಟ್ ಆಗದಿರುವುದು. ಸೆಕ್ಯೂರ್ ಬೂಟ್ ಇರುವ ಯಂತ್ರ ಮೈಕ್ರೋಸಾಫ್ಟ್ ಸಹಿ ಹಾಕಿದ ಬೂಟ್‌ಲೋಡರನ್ನಷ್ಟೇ ಒಳಬಿಡುತ್ತದೆ. 2011ರ ಸಹಿ ಪ್ರಮಾಣಪತ್ರಗಳ ಅವಧಿ ಮುಗಿಯುತ್ತ ಬರುವುದು 2026ರ ಜೂನ್‌ನಿಂದ. ಹೊಸ ಸಹಿಯ ಕಡ್ಡಿ ಹಳೆಯ ಯಂತ್ರದಲ್ಲಿ ಏಳದಿರುವ ಸಾಧ್ಯತೆಯನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಬೂಟ್ ಕ್ರಮ ಬದಲಿಸಹೋದರೆ ಬಿಟ್‌ಲಾಕರ್ ಇರುವ ಲ್ಯಾಪ್‌ಟಾಪು ಮುಂದಿನ ಸಲ 48 ಅಂಕಿಯ ರಿಕವರಿ ಕೀ ಕೇಳಿ ಕೂರಬಹುದು. ಹೊಸ ಮ್ಯಾಕ್‌ಗಳಲ್ಲಿ ಸಾಮಾನ್ಯ ಕಡ್ಡಿ ಕೆಲಸವನ್ನೇ ಮಾಡುವುದಿಲ್ಲ. ಹತ್ತರಲ್ಲೊಂದು ಯಂತ್ರ ಹೆಚ್ಚುವರಿಯಾಗಿ ಇಟ್ಟುಕೊಳ್ಳದೆ ಈ ಕೆಲಸಕ್ಕೆ ಕೈಹಾಕಬಾರದು. ಕರೆಂಟು ಹೋದರೆ ರ‍್ಯಾಮ್‌ನಲ್ಲಿದ್ದದ್ದೆಲ್ಲ ಹೋಯಿತು. ಹಾಗಾಗಿ ಉತ್ತರ ಕ್ಷಣಕ್ಷಣಕ್ಕೂ ಸರ್ವರಿಗೆ ಸೇರುತ್ತಿರಬೇಕು, ಸರ್ವರಿಗೆ ಯುಪಿಎಸ್ ಇರಲೇಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಹಳೆಯದು: ಕಂಪ್ಯೂಟರಿನ ಹೊರಗಿನ ಕಳ್ಳತನ. ಕರ್ನಾಟಕದಲ್ಲಿ 2021ರ ಅಕ್ಟೋಬರ್ 3ರಂದು ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲಿ ಬ್ಲೂಟೂತ್ ಬಳಕೆ, ಖಾಲಿ ಬಿಟ್ಟ ಒಎಂಆರ್ ಹಾಳೆ ತುಂಬಿದ್ದು ಬಯಲಾಗಿ ನೇಮಕಾತಿಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕಿವಿಯೊಳಗಿನ ಸಾಧನಕ್ಕೆ ಲಿನಕ್ಸ್ ಏನೂ ಮಾಡಲಾರದು. ಮನುಷ್ಯರ ಕಣ್ಗಾವಲಿಗೆ ಎಷ್ಟು ಬೆಲೆಯಿದೆಯೆಂದು ನಮ್ಮ ಎಸ್ಸೆಸ್ಸೆಲ್ಸಿಯೇ ತೋರಿಸಿದೆ. 2024ರಲ್ಲಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದದ್ದೇ ತಡ, ಹಿಂದಿನ ವರ್ಷ ಶೇ. 83.89 ಇದ್ದ ಉತ್ತೀರ್ಣರ ಪ್ರಮಾಣ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ.

ಮನೆಯಲ್ಲಿ ಕೂತು ಬರೆದರೆ?

ಕೊರೊನಾ ಕಾಲದಲ್ಲಿ ಗುಜರಾತ್ ತಾಂತ್ರಿಕ ವಿಶ್ವವಿದ್ಯಾಲಯವೂ ಸೇರಿ ಅನೇಕ ವಿಶ್ವವಿದ್ಯಾಲಯಗಳು ಮನೆಯಿಂದಲೇ ಬಹು ಆಯ್ಕೆಯ ಪರೀಕ್ಷೆ ಬರೆಸಿದವು. ಆಗ ಭದ್ರತೆಯೆಂದರೆ ಕ್ಯಾಮೆರಾ: ಮುಖ ನೋಡು, ಕಣ್ಣು ಎತ್ತ ಹೊರಳಿತು ನೋಡು, ಕೋಣೆ ತಿರುಗಿಸಿ ತೋರಿಸು. ಅಮೆರಿಕದ ಒಹಾಯೊದಲ್ಲಿ ವಿದ್ಯಾರ್ಥಿಯೊಬ್ಬ ತನ್ನ ಮಲಗುವ ಕೋಣೆಯನ್ನು ಹೀಗೆ ತೋರಿಸಬೇಕಾಗಿ ಬಂದದ್ದಕ್ಕೆ ಕ್ಲೀವ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯವನ್ನು ಕೋರ್ಟಿಗೆಳೆದ. 2022ರ ಆಗಸ್ಟಿನಲ್ಲಿ ಫೆಡರಲ್ ನ್ಯಾಯಾಲಯ ಅದು ಸಂವಿಧಾನಬಾಹಿರ ಶೋಧವೆಂದಿತು.

ಲೈವ್ ಲಿನಕ್ಸ್ ಮುಖ ನೋಡುವುದಿಲ್ಲ, ಕೋಣೆ ಇಣುಕುವುದಿಲ್ಲ, ಲ್ಯಾಪ್‌ಟಾಪಿನಲ್ಲಿರುವ ಫೋಟೋ ಮುಟ್ಟುವುದಿಲ್ಲ. ಖಾಸಗಿತನದ ದೃಷ್ಟಿಯಿಂದ ಇದು ಎಷ್ಟೋ ಮೇಲು. ಆದರೆ ಮನೆಯಲ್ಲಿ ಕಡ್ಡಿ ಬೂಟ್ ಮಾಡಿದವನ ಪಕ್ಕದಲ್ಲಿ ಮೊಬೈಲ್ ಇದ್ದರೆ ಕೇಳುವವರಾರು? ಮೇಲ್ವಿಚಾರಕರಿರುವ ಹಾಲಿನಲ್ಲಷ್ಟೇ ಈ ವ್ಯವಸ್ಥೆಗೆ ಅರ್ಥ. ಮನೆಯಲ್ಲೇ ಬರೆಸಬೇಕೆಂದಿದ್ದರೆ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಾದ ಪ್ರಶ್ನೆ ಕೇಳುವುದು ಗೌರವದ ದಾರಿ.

ಕನ್ನಡದ ಕೀಲಿಮಣೆ

ಸಿಯುಇಟಿ, ಜೆಇಇ ಮೇನ್‌ಗಳು ಈಗ 13 ಭಾಷೆಗಳಲ್ಲಿ ನಡೆಯುತ್ತವೆ, ಕನ್ನಡವೂ ಅದರಲ್ಲಿದೆ. ವಡೋದರಾ, ಸೂರತ್‌ಗಳಲ್ಲಿ ಬೆಳೆದ ಕನ್ನಡ ಕುಟುಂಬದ ಮಕ್ಕಳು ಆಯ್ದುಕೊಳ್ಳುವುದು ಇಂಗ್ಲಿಷನ್ನೇ ಇರಬಹುದು, ಆದರೆ ಕೊಪ್ಪಳದ ಹುಡುಗಿಗೆ ಕನ್ನಡದ ಪ್ರಶ್ನೆ ಬೇಕು. ಬಾಡಿಗೆ ಲ್ಯಾಬಿನ ವಿಂಡೋಸ್‌ನಲ್ಲಿ ಫಾಂಟ್ ಸರಿಯಿಲ್ಲದೆ ಒತ್ತಕ್ಷರ ಒಡೆದು ಅರ್ಕಾವತ್ತು ಕಳೆದುಹೋದರೆ, ಪ್ರಶ್ನೆಯೇ ತಪ್ಪಾಗಿ ಓದಿಸಿಕೊಳ್ಳುತ್ತದೆ. ಪರೀಕ್ಷೆಯ ಲಿನಕ್ಸ್ ಎಲ್ಲ ಯಂತ್ರಗಳಲ್ಲೂ ಒಂದೇ ಆದ್ದರಿಂದ ಈ ಚಿಂತೆಯನ್ನು ಒಮ್ಮೆಗೇ ಮುಗಿಸಬಹುದು. ಡೆಬಿಯನ್ ಭಂಡಾರದಲ್ಲಿ ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಸಿದ್ಧವಾಗಿವೆ. ಕೆ.ಪಿ. ರಾವ್ ವಿನ್ಯಾಸದಿಂದ ಬಂದ, ನುಡಿ ಬಳಸುವವರಿಗೆಲ್ಲ ಕೈಗೆ ಕೂತಿರುವ ಕೀಲಿಮಣೆಯೂ ಇದೆ, ಇನ್‌ಸ್ಕ್ರಿಪ್ಟ್ ಕೂಡ ಇದೆ. ಕಣ್ಣು ಕಾಣದ ಅಭ್ಯರ್ಥಿಗೆ ಓರ್ಕಾ ಪರದೆಯೋದುಗವನ್ನು ಇ-ಸ್ಪೀಕ್‌ನ ಕನ್ನಡ ದನಿಯೊಂದಿಗೆ ಸೇರಿಸಿ ಕೊಡಬಹುದು. ದನಿ ಯಾಂತ್ರಿಕವೇ, ಆದರೂ ಲಿಪಿಕಾರನ ಸಹಾಯವಿಲ್ಲದೆ ತಾನೇ ಪ್ರಶ್ನೆ ಕೇಳಿಸಿಕೊಳ್ಳುವ ಆಯ್ಕೆ ಸಿಗುತ್ತದೆ. ಬಹು ಆಯ್ಕೆಯನ್ನು ದಾಟಿ ಕನ್ನಡದಲ್ಲಿ ಟೈಪು ಮಾಡಿ ಉತ್ತರಿಸುವ ಪರೀಕ್ಷೆ ಎಂದಾದರೂ ಬರಬೇಕೆಂದಿದ್ದರೆ, ಅದಕ್ಕೆ ಬೇಕಾದ ನೆಲಗಟ್ಟೂ ಇದೇ.

ಎಲ್ಲಿಂದ ಶುರು ಮಾಡುವುದು?

ಹತ್ತಾರು ಲಕ್ಷ ಮಂದಿಯ ನೀಟ್‌ನಿಂದಲ್ಲ. ಫತೇಗಂಜ್‌ನಂಥ ಕಡೆಯಿಂದ. ವಡೋದರಾದ ಈ ಬಡಾವಣೆ 1949ರಲ್ಲಿ ಆರಂಭವಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಆವರಣಕ್ಕೆ ತಾಗಿಕೊಂಡಿದೆ. ಹಾಸ್ಟೆಲ್ಲುಗಳು, ಜೆರಾಕ್ಸ್ ಅಂಗಡಿಗಳು, ಲ್ಯಾಪ್‌ಟಾಪ್ ಹೆಗಲಿಗೇರಿಸಿದ ಹುಡುಗ ಹುಡುಗಿಯರು. ಇಂಥ ಕ್ಯಾಂಪಸ್ಸು ಮೈಸೂರಿನಲ್ಲೂ ಇದೆ, ಧಾರವಾಡದಲ್ಲೂ ಇದೆ. ಇಲ್ಲೆಲ್ಲ ಲ್ಯಾಬಿದೆ, ಮೇಲ್ವಿಚಾರಣೆಗೆ ಅಧ್ಯಾಪಕರಿದ್ದಾರೆ, ಲಿನಕ್ಸ್ ಬಲ್ಲ ವಿದ್ಯಾರ್ಥಿಗಳಿದ್ದಾರೆ. ಒಂದು ವಿಭಾಗದ ಆಂತರಿಕ ಪರೀಕ್ಷೆಯನ್ನು ಒಂದೇ ಲ್ಯಾಬಿನಲ್ಲಿ, ನೆಟ್‌ವರ್ಕಿನಿಂದ ಬೂಟ್ ಮಾಡಿ, ಅಲ್ಲೇ ಇಟ್ಟ ಮೂಡಲ್ ಸರ್ವರಿನ ಮೇಲೆ ನಡೆಸಲು ಲೈಸೆನ್ಸಿನ ಖರ್ಚಿಲ್ಲ. ವ್ಯವಸ್ಥೆ ಸಿದ್ಧವಾದೊಡನೆ ಅದರ ಮೂಲ ಸಂಕೇತವನ್ನು ತೆರೆದಿಟ್ಟು, ‘ಮುರಿದು ತೋರಿಸಿ’ ಎಂದು ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಗಳನ್ನೇ ಕರೆಯಬೇಕು. ಅವರು ಹುಡುಕಿದ ಬಿರುಕುಗಳನ್ನು ಮುಚ್ಚಿ, ಎರಡು ಸೆಮಿಸ್ಟರ್ ಓಡಿಸಿ, ಆಮೇಲೆ ಸೆಮಿಸ್ಟರ್ ಪರೀಕ್ಷೆಗೆ ತರಬೇಕು. ಸಿ-ಡ್ಯಾಕ್ ಡೆಬಿಯನ್ ಆಧರಿಸಿ ಬೆಳೆಸಿದ ಬಾಸ್ ಲಿನಕ್ಸ್ 2007ರಿಂದ ನಮ್ಮಲ್ಲಿದೆ, ಶಾಲೆಗಳಿಗೆಂದೇ ಅದರ ಅವತರಣಿಕೆಯೂ ಬಂದಿದೆ. ಪರೀಕ್ಷೆಗೆಂದು ಸಾರ್ವಜನಿಕವಾದ ಒಂದು ಅವತರಣಿಕೆ ಕಟ್ಟುವುದು ದೇಶದ ಶಕ್ತಿಗೆ ಮೀರಿದ ಕೆಲಸವಲ್ಲ.

ಬೂಟ್ ಆಗುವ ಲಿನಕ್ಸ್ ಪ್ರಶ್ನೆಪತ್ರಿಕೆ ಕಾಯುವುದಿಲ್ಲ, ಕಿವಿಯೊಳಗಿನ ಬ್ಲೂಟೂತ್ ಹಿಡಿಯುವುದಿಲ್ಲ, ಲಂಚ ತಿನ್ನುವ ಅಧಿಕಾರಿಯನ್ನು ತಿದ್ದುವುದಿಲ್ಲ. ಅದರಿಂದ ಆಗುವುದು ಒಂದೇ ಕೆಲಸ: ಪರೀಕ್ಷೆಯ ಯಂತ್ರದ ಮೇಲಿನ ಹಿಡಿತವನ್ನು ಲ್ಯಾಬಿನ ಮಾಲೀಕನ ಕೈಯಿಂದ ತೆಗೆದು ಪರೀಕ್ಷೆ ನಡೆಸುವವರ ಕೈಗೆ ಕೊಡುವುದು. ಆ ಹಿಡಿತ ಹೇಗಿದೆಯೆಂದು ಅಭ್ಯರ್ಥಿಯೂ ಅವನ ತಂದೆತಾಯಿಯೂ ಪತ್ರಕರ್ತರೂ ನ್ಯಾಯಾಲಯವೂ ಬೇಕೆಂದಾಗ ತೆರೆದು ನೋಡಬಹುದು. ಲಕ್ಷಾಂತರ ಮಕ್ಕಳ ಭವಿಷ್ಯ ನಿರ್ಧರಿಸುವ ತಂತ್ರಾಂಶವನ್ನು ಗುತ್ತಿಗೆದಾರರ ವ್ಯಾಪಾರ ಗುಟ್ಟಾಗಿ ಉಳಿಸಬೇಕೇ, ಸಾರ್ವಜನಿಕ ಸ್ವತ್ತಾಗಿಸಬೇಕೇ ಎಂಬುದನ್ನು ಮುಂದಿನ ಟೆಂಡರು ಕರೆಯುವ ಮೊದಲು ನಮ್ಮ ಪರೀಕ್ಷಾ ಪ್ರಾಧಿಕಾರಗಳು ಹೇಳಬೇಕು.